ಮೊರಾಗಮ್ಮನ ಎರಡನೇ ಭಾನುವಾರ

ಕಳೆದ ತಿಂಗಳು ದವಡೆ ಹಲ್ಲು ಕೀಳಿಸಲು ಆರ್.ಟಿ. ನಗರಕ್ಕೆ ಹೋಗಿದ್ದೆ. ಅಟ್ಟೂರಿನಿಂದ ಒಂದು ಹಲ್ಲಿಗಾಗಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಆ ಡಾಕ್ಟರ ಕೈ ಹಗುರ ಎಂದು ನಮ್ಮ ಶಾಲೆಯ ಗಣಿತದ ಮೇಡಂ ಹೇಳಿದ್ದರು. ಚೀಟಿಯಲ್ಲಿದ್ದ ವಿಳಾಸ ಓದಿದಾಗಲೂ ನನಗೆ ಹೊಳೆಯಲಿಲ್ಲ. ಆಟೋ ಇಳಿದು, ಎದುರಿನ ಮಸೀದಿಯ ಹಸಿರು ಗೇಟು ಕಂಡ ಮೇಲೆ, ಪಕ್ಕದ ಮನೆಯ ಮುಂದಿನ ಹೊಲಿಗೆ ಬೋರ್ಡು ಕಂಡ ಮೇಲೆ, ನಾನು ಎಲ್ಲಿ ನಿಂತಿದ್ದೇನೆಂದು ತಿಳಿಯಿತು. ನಾಲ್ಕು ಅಂತಸ್ತಿನ ಕಟ್ಟಡ. ಕೆಳಗೆ ಕಾರು ನಿಲ್ಲಿಸುವ ಜಾಗ. ಅದರ ಒಂದು ಮೂಲೆಯಲ್ಲಿ ಗಾಜಿನ ಬಾಗಿಲಿನ ಹಲ್ಲಿನ ಆಸ್ಪತ್ರೆ, ಒಳಗೆಲ್ಲ ಲವಂಗದೆಣ್ಣೆಯ ವಾಸನೆ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದುಕೊಂಡೇ ಅಂದಾಜು ಮಾಡಿದೆ. ಡಾಕ್ಟರು ಕೈ ತೊಳೆಯುತ್ತಿದ್ದ ಕಡೆ ಹಿಂದೆ ಮೊರಾಗಮ್ಮನ ಹಜಾರದ ಪುಸ್ತಕದ ಕಪಾಟು ಇತ್ತು. ನಾನು ಮಲಗಿದ್ದ ಕಡೆ, ಕವಿತೆ ಓದುವವರು ಎದ್ದು ನಿಲ್ಲುತ್ತಿದ್ದರು.

ಅವರ ಹೆಸರು ಮೊರಾಗ್. ಆ ಬೀದಿಗೆಲ್ಲ ಮೊರಾಗಮ್ಮ. ಸ್ಕಾಟ್‌ಲೆಂಡಿನ ವಾಯವ್ಯ ತುದಿಯ ಒಂದು ದ್ವೀಪದಲ್ಲಿ, ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವರು. ಪಶುವೈದ್ಯ ಓದಲು ಆ ದೇಶಕ್ಕೆ ಹೋಗಿದ್ದ ಹೆಬ್ಬಾಳದ ನಾರಾಯಣಸ್ವಾಮಿಯವರನ್ನು ಮದುವೆಯಾಗಿ ಇಪ್ಪತ್ತಾರನೇ ವಯಸ್ಸಿಗೆ ಇಲ್ಲಿಗೆ ಬಂದರು. ಗಂಡನ ಮನೆಯವರು ಹಳೇ ಹೆಬ್ಬಾಳದ ಒಕ್ಕಲು ಜನ. ಅತ್ತೆಗೆ ಇಂಗ್ಲಿಷ್ ಬಾರದು, ಸೊಸೆಗೆ ಕನ್ನಡ ಬಾರದು. ಅವರೆಕಾಯಿ ಸುಲಿಯುತ್ತಾ, ರಾಗಿ ಕೇರುತ್ತಾ ಅತ್ತೆ ಕಲಿಸಿದ ಕನ್ನಡವೇ ಕೊನೆಯವರೆಗೂ ಅವರ ಕನ್ನಡ. ಅದರಲ್ಲಿ ಹಕಾರವೇ ಇರಲಿಲ್ಲ. ‘ಓಗು’, ‘ಇಂಗೆ’, ‘ಎಂಗವ್ವ?’ ಒಪ್ಪಿಗೆಗೆ ‘ಊಂ’. ನಾನೂ ಅಟ್ಟೂರಿನ ಒಕ್ಕಲು ಮನೆಯವಳೇ. ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡು ಹಕಾರ ಕಲಿತು, ಆಮೇಲೆ ಯಲಹಂಕದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿ ಬೇರೆಯವರ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದವಳು. ಬಿಳಿ ಹೆಂಗಸಿನ ಬಾಯಲ್ಲಿ ನನ್ನ ಅಜ್ಜಿಯ ಮಾತು ಕೇಳಿದ ಮೊದಲ ದಿನ ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಇಲ್ಲಿಗೆ ಬರುವ ಮೊದಲೇ ಅವರದೊಂದು ತೆಳ್ಳನೆಯ ಕವನಸಂಕಲನ ಅಚ್ಚಾಗಿತ್ತು, ತಮ್ಮ ದ್ವೀಪದ ಗೇಲಿಕ್ ಭಾಷೆಯಲ್ಲಿ. ಇಲ್ಲಿಗೆ ಬಂದ ಮೇಲೆ ಇಂಗ್ಲಿಷಿನಲ್ಲಿ ಎರಡು ಪುಸ್ತಕ. ಗಂಡ ತೀರಿಕೊಂಡ ವರ್ಷ, ಖಾಲಿ ಮನೆಯಲ್ಲಿ ಕೂರಲಾರದೆ, ಪ್ರತಿ ತಿಂಗಳ ಎರಡನೇ ಭಾನುವಾರ ತಮ್ಮ ಹಜಾರದಲ್ಲಿ ಕವಿತೆ ಓದಿಸಲು ಶುರುಮಾಡಿದರು. ಅದಕ್ಕೆ ಹೆಸರಿಡಲಿಲ್ಲ. ನಾವೆಲ್ಲ ‘ಎರಡನೇ ಭಾನುವಾರ’ ಎನ್ನುತ್ತಿದ್ದೆವು. ಕನ್ನಡ, ಉರ್ದು, ತೆಲುಗು, ತಮಿಳು, ಯಾರು ಯಾವ ಭಾಷೆಯಲ್ಲಿ ಬರೆದರೂ ಸರಿ. ಓದಿದ ಮೇಲೆ ಬೇರೆ ಯಾರಾದರೂ ಎದ್ದು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬೇಕು. ಮುಖ್ಯ ಅತಿಥಿ ಇಲ್ಲ, ಶಾಲು ಇಲ್ಲ, ಹಾರ ಇಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಗೇಟಿಗೆ ಬೀಗ. ಒಮ್ಮೆ ದೊಡ್ಡ ಪ್ರಶಸ್ತಿ ಪಡೆದ ಕವಿಯೊಬ್ಬರು ನಾಲ್ಕೂ ಹತ್ತಕ್ಕೆ ಬಂದು ಗೇಟು ಅಲ್ಲಾಡಿಸಿದರು. ಮೊರಾಗಮ್ಮ ಕಿಟಕಿಯಿಂದಲೇ, “ಮುಂದಿನ್ ತಿಂಗ್ಳು ಬನ್ನಿ ಸಾರ್, ಟೈಮಿಗೆ ಬನ್ನಿ,” ಎಂದು ಪರದೆ ಎಳೆದರು. ಆತ ಮತ್ತೆ ಬರಲಿಲ್ಲ. ಮೊರಾಗಮ್ಮನಿಗೆ ಅದರ ಬಗ್ಗೆ ಒಂದಿಷ್ಟೂ ಬೇಸರವಿರಲಿಲ್ಲ.

ಸಿಹಿ ಮಾತಿನವರಲ್ಲ. ನಾನು ಅಮ್ಮನ ಮೇಲೆ ಬರೆದ ಕವಿತೆ ಓದಿದ ದಿನ ಎಲ್ಲರೂ ವಾಹ್ ವಾಹ್ ಎಂದರು. ಎಲ್ಲರೂ ಹೋದ ಮೇಲೆ ಅವರು ನನ್ನ ಕಾಗದ ಇಸಿದುಕೊಂಡು, ಕೊನೆಯ ನಾಲ್ಕು ಸಾಲಿನ ಮೇಲೆ ಪೆನ್ಸಿಲ್ ಎಳೆದು, “ಇದು ಸುಳ್ಳು ಕಣವ್ವ ಸರೋಜ. ನಿಮ್ಮವ್ವ ಇಂಗಿರ್ಲಿಲ್ಲ. ಜನ ಅಳ್ಲಿ ಅಂತ ಬರ್ದಿದೀಯ,” ಎಂದರು. ಎರಡು ತಿಂಗಳು ಅವರ ಮನೆ ಕಡೆ ಹೋಗಲಿಲ್ಲ. ಮೂರನೇ ತಿಂಗಳು ಆ ನಾಲ್ಕು ಸಾಲು ತೆಗೆದು ಹೋದೆ. ನನ್ನ ಮೊದಲ ಹದಿನಾರು ಪುಟದ ಪುಸ್ತಿಕೆಯನ್ನು ಅವರೇ ತಮ್ಮ ಊಟದ ಮೇಜಿನ ಮೇಲೆ ದಾರದಿಂದ ಹೊಲಿದರು.

ಕೊನೆಯ ವರ್ಷದ ಫೆಬ್ರವರಿ ಸಭೆ ನನಗೆ ಚೆನ್ನಾಗಿ ನೆನಪಿದೆ, ಅದರ ನಂತರ ಆ ಮನೆಯಲ್ಲಿ ನಡೆದದ್ದು ಇನ್ನೊಂದೇ ಸಭೆ. ಪಕ್ಕದ ಮನೆಯ ಶಮೀಮ್ ಆಪಾ, ಹಗಲೆಲ್ಲ ಬ್ಲೌಸು ಹೊಲಿದು ಉರ್ದುವಿನಲ್ಲಿ ಬರೆಯುವ ಹೆಂಗಸು, ಇದ್ದಕ್ಕಿದ್ದಂತೆ ಕೇಳಿದರು: “ಮೊರಾಗಮ್ಮ, ನಿಮ್ದು ನಿಮ್ಮ ಭಾಷೇಲಿ ಒಂದ್ ಓದಿ. ಇಷ್ಟು ವರ್ಷ ಆಯ್ತು, ನಾವು ಕೇಳೇ ಇಲ್ಲ.”

“ನಾನ್ ಓದಿದ್ಮೇಲೆ ಕನ್ನಡದಾಗೆ ಯೋಳೋರು ಯಾರವ್ವ? ರೂಲ್ಸು ರೂಲ್ಸೇ,” ಎಂದರು ಅವರು.

ಎಲ್ಲರೂ ನಕ್ಕೆವು. ಅವರೂ ನಕ್ಕರು. ನಂತರ ಟೀ ಬಂತು.

ಯುಗಾದಿ ಕಳೆದ ವಾರ, ಒಂದು ಬೆಳಿಗ್ಗೆ, ಹಾಲು ಉಕ್ಕಿ ಸೀದ ವಾಸನೆ ಗೋಡೆ ದಾಟಿ ಬಂತೆಂದು ಶಮೀಮ್ ಆಪಾ ಹೋಗಿ ನೋಡಿದರೆ ಮೊರಾಗಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಕಣ್ಣು ತೆರೆದಿತ್ತು. ಸ್ಟ್ರೋಕ್ ಆಗಿತ್ತು. ಬಲಗೈ, ಬಲಗಾಲು ಹೋಗಿತ್ತು. ನಾಲ್ಕನೇ ದಿನ ಐಸಿಯುನಿಂದ ವಾರ್ಡಿಗೆ ತಂದಾಗ ನಾನು ಶಾಲೆ ಮುಗಿಸಿ ಓಡಿಹೋದೆ. ನನ್ನನ್ನು ಗುರುತಿಸಿದರು. ಎಡಗೈ ಚಾಚಿದರು. ಬಾಯಿ ತೆರೆದರು. ಬಂದದ್ದು ಒಂದೇ ಸದ್ದು: “ಹಾ.”

ನೀರು ಬೇಕಾ ಎಂದರೆ ‘ಹಾ’. ನೋವಿದೆಯಾ ಎಂದರೆ ‘ಹಾ’. ಫ್ಯಾನು ಜೋರಾಯ್ತಾ ಎಂದರೂ ‘ಹಾ’. ಅದಾದ ಮೇಲೆ ಅವರ ತುಟಿ ಇನ್ನೂ ಸ್ವಲ್ಪ ಹೊತ್ತು ಅಲುಗಾಡುತ್ತಿತ್ತು. ನಾವು ಅಷ್ಟರಲ್ಲಿ ನೀರು ತರಲು, ನರ್ಸನ್ನು ಕರೆಯಲು, ಫ್ಯಾನು ಕಡಿಮೆ ಮಾಡಲು ಎದ್ದಿರುತ್ತಿದ್ದೆವು. ಡಾಕ್ಟರು, ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ, ನಿಧಾನವಾಗಿ ಒಂದೊಂದೇ ಪದ ಬರಬಹುದು, ಬರದೆಯೂ ಇರಬಹುದು ಎಂದರು. ‘ಹೌದು’ ಆದರೂ ಉಳಿಯಿತಲ್ಲ ಎಂದು ನಾವು ಸಮಾಧಾನಪಟ್ಟೆವು.

ಅವರಿಗೆ ಮಕ್ಕಳಿರಲಿಲ್ಲ. ಇಲ್ಲಿ ಹತ್ತಿರದ ನೆಂಟನೆಂದರೆ ಗಂಡನ ಅಣ್ಣನ ಮಗ ಮಂಜುನಾಥ. ಬಿಲ್ಡರ್. ಹೆಬ್ಬಾಳದ ಜಮೀನೆಲ್ಲ ರಸ್ತೆ, ಲೇಔಟು ಆದ ಮೇಲೆ ಆ ಮನೆಯ ಗಂಡಸರೆಲ್ಲ ಮಾಡಿದ್ದು ಅದನ್ನೇ. ಅವನ ಬಗ್ಗೆ ಕೆಟ್ಟದಾಗಿ ಬರೆಯುವುದು ಸುಲಭ, ಆದರೆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ದಿನಾ ಬಂದು ಗಂಜಿ ಕುಡಿಸಿದವನು ಅವನೇ. ನಾವು ಕವಿಗಳು ಹೂವಿನ ಗುಚ್ಛ ಇಟ್ಟು ಹೋಗುತ್ತಿದ್ದೆವು.

ಬಿಡುಗಡೆಯ ಹಿಂದಿನ ದಿನ ಅವನು ನನ್ನನ್ನು ವರಾಂಡಕ್ಕೆ ಕರೆದ.

“ಮಿಸ್, ಒಂದ್ ಮಾತು. ಚಿಕ್ಕಮ್ಮನ್ನ ಆ ಮನೇಲಿ ಇಟ್ಕೊಳ್ಳೋಕಾಗಲ್ಲ. ಬಾತ್‌ರೂಮಿಗೆ ಮೂರು ಮೆಟ್ಲು ಇಳೀಬೇಕು. ಸೋಲದೇವನಹಳ್ಳಿ ಹತ್ರ ಒಂದ್ ಹೋಮ್ ಇದೆ, ನರ್ಸ್ ಇರ್ತಾರೆ, ಗಾಳಿ ಬೆಳಕು ಚೆನ್ನಾಗಿದೆ.”

“ಮನೆ ಕಥೆ?”

“ಒಡ್ದು ಕಟ್ಬೇಕು. ಚಿಕ್ಕಪ್ಪ ಇದ್ದಾಗ್ಲೇ ಮಾತಾಗಿತ್ತು. ನಮ್ಮ ತಾತನ ಜಾಗ ಅದು, ಚಿಕ್ಕಪ್ಪನ ಪಾಲು ಇವ್ರಿಗೆ ಬಂದಿದೆ. ಇವ್ರೊಬ್ರೇ ಒಪ್ಪಿರ್ಲಿಲ್ಲ. ಈಗ ಕೇಳೋಣ. ಅವ್ರು ಹಾ ಅಂದ್ರೆ ಮಾತ್ರ ಮಿಸ್, ಇಲ್ಲಾಂದ್ರೆ ಇಲ್ಲ. ನೀವೂ ಪಕ್ಕದಲ್ಲಿರಿ.”

ಒಂದು ವಾರದ ನಂತರ, ಆರ್.ಟಿ. ನಗರದ ಮನೆಯ ಅದೇ ಹಜಾರದಲ್ಲಿ, ಗಾಲಿ ಕುರ್ಚಿಯ ಮುಂದೆ ಮಂಜುನಾಥ ಮಂಡಿಯೂರಿ ಕೂತ. ವಕೀಲರೊಬ್ಬರು ಬಂದಿದ್ದರು. ಶಮೀಮ್ ಆಪಾ ಮತ್ತು ನಾನು ಸೋಫಾದಲ್ಲಿದ್ದೆವು.

“ಚಿಕ್ಕಮ್ಮ, ಮನೆ ಹೊಸ್ದಾಗಿ ಕಟ್ಸೋಣ್ವಾ? ಕೆಳಗಡೆ ಒಂದ್ ಹಾಲ್ ನಿಮ್ಗೇ ಬಿಡ್ತೀನಿ. ನಿಮ್ಮ ಭಾನುವಾರದ್ದು ಅಲ್ಲೇ ಮಾಡ್ಬೋದು.”

“ಹಾ,” ಎಂದರು ಮೊರಾಗಮ್ಮ.

“ಅಲ್ಲಿವರ್ಗೂ ಸೋಲದೇವನಹಳ್ಳಿಲಿ ಇರ್ತೀರಾ?”

“ಹಾ ಮಿ... ಹಾ ಮಿ...”

ಶಮೀಮ್ ಆಪಾ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: “ಹಾಮಿ ಅಂತಿದಾರೆ. ನಮ್ ಕಡೆ ಒಪ್ಕೊಂಡೆ ಅನ್ನೋದಕ್ಕೆ ಹಂಗಂತೀವಿ. ನಾನ್ ಆಡೋದ್ ಕೇಳಿ ಕೇಳಿ ಕಲ್ತಿರ್ಬೇಕು.”

ಮಂಜುನಾಥ ಇನ್ನೊಮ್ಮೆ ಕೇಳಿದ. ಮೋಸ ಮಾಡುವವನು ಎರಡು ಸಲ ಕೇಳುವುದಿಲ್ಲ. ಮತ್ತೆ ಅದೇ ಉತ್ತರ ಬಂತು. ಎಡಗೈ ಹೆಬ್ಬೆಟ್ಟು ಒತ್ತಿಸಿದರು. ಸಾಕ್ಷಿ ಎಂಬಲ್ಲಿ ನಾನು ಸಹಿ ಹಾಕಿದೆ, ಮಕ್ಕಳ ಅಂಕಪಟ್ಟಿಗೆ ಹಾಕುವ ಅದೇ ಅಚ್ಚುಕಟ್ಟು ಸಹಿ. ಪೆನ್ನು ಕೆಳಗಿಡುತ್ತಿದ್ದಂತೆ ಮೊರಾಗಮ್ಮ ನನ್ನ ಮಣಿಕಟ್ಟು ಹಿಡಿದರು. ಎಡಗೈಯಲ್ಲಿ ಅಷ್ಟು ಬಲವಿತ್ತೆಂದು ನನಗೆ ಗೊತ್ತಿರಲಿಲ್ಲ. ಬಿಡಿಸಿಕೊಳ್ಳಲು ಶಮೀಮ್ ಆಪಾ ಸಹಾಯ ಮಾಡಬೇಕಾಯಿತು. ಮನೆ ಬಿಡುವ ಸಂಕಟ ಎಂದುಕೊಂಡೆವು.

ಸೋಲದೇವನಹಳ್ಳಿಯ ಆ ಹೋಮ್ ಕೊಳಕಾಗಿರಲಿಲ್ಲ, ಕ್ರೂರವೂ ಆಗಿರಲಿಲ್ಲ. ಹೆಸರಘಟ್ಟ ರಸ್ತೆಯಿಂದ ಸ್ವಲ್ಪ ಒಳಗೆ, ಕಾಲೇಜು ಹಾಸ್ಟೆಲುಗಳ ಹಿಂದೆ, ಉದ್ದನೆಯ ತಗಡಿನ ವರಾಂಡದ ಕಟ್ಟಡ. ಮೊರಾಗಮ್ಮನನ್ನು ನೋಡಿಕೊಳ್ಳುತ್ತಿದ್ದ ಲಕ್ಷ್ಮಮ್ಮ ಅದೇ ಊರಿನವರು. ಜೂನ್ ಹೊತ್ತಿಗೆ ಮೊರಾಗಮ್ಮನ ಬಾಯಲ್ಲಿ ಇನ್ನೊಂದು ಪದ ಬರಲಾರಂಭಿಸಿತು. ಗಂಟಲಿನ ಆಳದಿಂದ, ಕಫ ಕಟ್ಟಿದಂತೆ: “ಘಾಖಿ.”

“ಗಾಡಿ ಬೇಕಂತೆ ಕಣ್ ಮೇಡಂ,” ಎಂದರು ಲಕ್ಷ್ಮಮ್ಮ. “ದಿನಾ ಗಾಡಿ ಗಾಡಿ ಅಂತಾರೆ. ತಳ್ಕೊಂಡ್ ಓಗಿ ಒಂದ್ ರೌಂಡ್ ಒಡೆಸ್ತೀನಿ. ಸುಮ್ಕಾಯ್ತಾರೆ.”

ನಾನೂ ಗಾಲಿ ಕುರ್ಚಿ ತಳ್ಳಿದ್ದೇನೆ. ಗೇಟಿನವರೆಗೆ ಹೋದಾಗ ಅವರು ಮುಂದಕ್ಕೆ ಬಾಗುತ್ತಿದ್ದರು. ತಿರುಗಿಸಿದೊಡನೆ ಹಿಂದಕ್ಕೆ ಒರಗುತ್ತಿದ್ದರು.

ಎರಡನೇ ಭಾನುವಾರ ನಿಲ್ಲಬಾರದೆಂದು ನಾನೇ ಎಲ್ಲರಿಗೂ ಮೆಸೇಜು ಹಾಕಿದೆ. ಜೂನಿನಲ್ಲಿ ಹನ್ನೊಂದು ಜನ ವರಾಂಡದಲ್ಲಿ ಕೂತು ಓದಿದೆವು. ಜುಲೈನಲ್ಲಿ ಆರು. ತಮಿಳಿನಲ್ಲಿ ಬರೆಯುವ ಬಾಲನ್ ಅವರಿಗೆ ಯಶವಂತಪುರದಿಂದ ಎರಡು ಬಸ್ಸು ಬದಲಾಯಿಸಬೇಕಿತ್ತು, ಇನ್ನೊಬ್ಬರಿಗೆ ಹೆಬ್ಬಾಳದ ರಸ್ತೆಯಲ್ಲಿ ನಿಂತ ಮಳೆನೀರು, ಮತ್ತೊಬ್ಬರು ಸತ್ಯವನ್ನೇ ಹೇಳಿದರು: “ಅವ್ರನ್ನ ಹಂಗೆ ನೋಡೋಕಾಗಲ್ಲ ಕಣ್ರೀ.” ಆಗಸ್ಟಿನಲ್ಲಿ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಬಂದವರು ಶಮೀಮ್ ಆಪಾ ಮತ್ತು ನಾನು. ಆಪಾ ಓದಿದ್ದು ನನಗೇ ಕೇಳಿಸಲಿಲ್ಲ. ಮೊರಾಗಮ್ಮ ಗೇಟಿನ ಕಡೆ ನೋಡುತ್ತಾ ಕೂತಿದ್ದರು.

ಅದೇ ತಿಂಗಳು ಮಂಜುನಾಥ ಫೋನು ಮಾಡಿದ. ಒಡೆಯುವ ಕೆಲಸ ಶುರುವಾಗಿದೆ, ಚಿಕ್ಕಮ್ಮನ ಪುಸ್ತಕ ಏನು ಮಾಡಲಿ ಎಂದ. ನಾನು ಹೋಗುವಷ್ಟರಲ್ಲಿ ಕಿಟಕಿ, ಬಾಗಿಲುಗಳನ್ನು ಚೌಕಟ್ಟಿನ ಸಮೇತ ಕಿತ್ತು ಅಂಗಳದಲ್ಲಿ ಒರಗಿಸಿದ್ದರು. ಕಾಂಪೌಂಡಿನ ಸಪೋಟ ಮರ ಕಡಿದು ಉರುಳಿಸಿದ್ದರು. ಎಲೆ ಇನ್ನೂ ಬಾಡಿರಲಿಲ್ಲ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಸುವಾಗ ಕಪಾಟಿನ ಅಡಿಯಿಂದ ದಪ್ಪ ರಟ್ಟಿನ ನೋಟುಪುಸ್ತಕಗಳು ಸಿಕ್ಕವು, ಒಂಬತ್ತು. ಅವರ ಕೈಬರಹ. ಇಂಗ್ಲಿಷ್ ಅಕ್ಷರ, ಆದರೆ ಒಂದು ಪದವೂ ಇಂಗ್ಲಿಷಲ್ಲ. ಪ್ರತಿ ಪುಟದ ಮೇಲೆ ಒಂದು ಹೆಸರು, ಒಂದು ತಾರೀಖು. ಶಮೀಮ್. ಬಾಲನ್. ಶಮೀಮ್. ಸರೋಜ. ತಾರೀಖುಗಳೆಲ್ಲ ಎರಡನೇ ಭಾನುವಾರದ ನಂತರದ ಒಂದೆರಡು ದಿನದವು.

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾವು ಓದಿಹೋದ ಕವಿತೆಗಳನ್ನು ಅವರು ಒಂದೊಂದಾಗಿ ತಮ್ಮ ಭಾಷೆಗೆ ತಂದು ಇಟ್ಟಿದ್ದರು. ಎಲ್ಲಿಯೂ ಅಚ್ಚುಮಾಡಿಸಿರಲಿಲ್ಲ, ನಮಗೆ ಹೇಳಿಯೂ ಇರಲಿಲ್ಲ. ನನ್ನ ಹೆಸರಿನ ಕೆಳಗೆ ನನ್ನದೇ ಹದಿನೇಳು ಕವಿತೆ ಇದ್ದವು. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಒಡೆದ ಗೋಡೆಯ ಧೂಳಿನಲ್ಲಿ ಕೂತು ಒಂದೊಂದು ಅಕ್ಷರವನ್ನೂ ಕೂಡಿಸಿ ಓದಲು ನೋಡಿದೆ. ಎಲ್ಲೆಲ್ಲೂ ಒಂದೇ ಪದ ಮತ್ತೆ ಮತ್ತೆ ಬರುತ್ತಿತ್ತು, ಸಾಲಿನ ಮೊದಲಲ್ಲೇ. ಟಿ, ಎಚ್, ಎ. ‘ಥಾ’ ಎಂದು ಓದಿಕೊಂಡು ಮುಚ್ಚಿಟ್ಟೆ.

ಅವರ ವಿಳಾಸದ ಡೈರಿಯಲ್ಲಿ ತಂಗಿಯ ಮಗಳ ನಂಬರಿತ್ತು. ಆಕೆ ಸ್ಕಾಟ್‌ಲೆಂಡಿನ ಯಾವುದೋ ದೊಡ್ಡ ಊರಿನಲ್ಲಿದ್ದಳು. ನೋಟುಪುಸ್ತಕ ಓದಿಕೊಡಬಲ್ಲಿರಾ ಎಂಬ ನನ್ನ ಹರಕು ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿ, ತನಗೆ ಗೇಲಿಕ್ ಬಾರದು, ಅಮ್ಮ ಕಲಿಸಲಿಲ್ಲ ಎಂದಳು. ಹತ್ತು ದಿನ ಬಿಟ್ಟು ಒಂದು ನಂಬರು ಕಳಿಸಿದಳು. ಗೇಲಿಕ್ ಬಲ್ಲ, ಪೆಗಿ ಎಂಬ ಎಂಬತ್ತಮೂರು ವರ್ಷದ ಮುದುಕಿ. ಮೊರಾಗ್ ಹುಟ್ಟಿದ ಹಳ್ಳಿಯಲ್ಲೇ ಇದ್ದಾಳೆ, ಗುರುವಾರ ಫೋನು ಮಾಡುತ್ತಾಳೆ ಎಂದಳು.

ಮೊದಲ ಗುರುವಾರ ಸೆಪ್ಟೆಂಬರಿನದು. ಶಾಲೆ ಮುಗಿಸಿ, ನೆನೆದುಕೊಂಡೇ ಸೋಲದೇವನಹಳ್ಳಿಗೆ ಹೋದೆ. ನಾಲ್ಕೂವರೆಗೆ ಫೋನು ಬಂತು. ಸ್ಪೀಕರಿಗೆ ಹಾಕಿ ಮೊರಾಗಮ್ಮನ ಮಡಿಲ ಮೇಲಿಟ್ಟೆ. ಆ ಕಡೆಯಿಂದ ಒಣಗಿದ, ಗಟ್ಟಿ ದನಿಯೊಂದು ನಾಲ್ಕಾರು ಪದ ಹೇಳಿತು.

ಮೊರಾಗಮ್ಮನ ಮುಖ ಮೊದಲು ಗಂಟಿಕ್ಕಿತು, ಹೆದರಿದವರ ಹಾಗೆ. ಆಮೇಲೆ ಅವರು ಫೋನನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡರು. ಮಾತಾಡಿದರು. ತಡವರಿಸಿ, ನಿಂತು, ಎಂಜಲು ಒರೆಸಿಕೊಂಡು, ಆದರೆ ಪೂರ್ತಿ ವಾಕ್ಯ. ಐದು ತಿಂಗಳಲ್ಲಿ ನಾವು ಕೇಳಿದ ಮೊದಲ ಪೂರ್ತಿ ವಾಕ್ಯ. “ಹಾ ಮಿ” ಎಂದು ಶುರುವಾಗಿ “ಘಾಖಿ” ಎಂದು ಮುಗಿಯಿತು. ಲಕ್ಷ್ಮಮ್ಮ ಬಾಗಿಲಲ್ಲಿ ಬಟ್ಟೆಯ ಬುಟ್ಟಿ ಹಿಡಿದು ನಿಂತುಬಿಟ್ಟರು.

ಪೆಗಿ ಇಂಗ್ಲಿಷಿನಲ್ಲಿ ನನಗೆ ಹೇಳಿದಳು: ಆಕೆ ಮನೆಗೆ ಹೋಗಬೇಕು ಅನ್ನುತ್ತಿದ್ದಾಳೆ, ‘ಘಾಖಿ’ ಎಂದರೆ ‘ಮನೆಗೆ’.

ಯಾವ ಮನೆ ಎಂದು ಕೇಳಿ ಎಂದೆ. ನನ್ನೊಳಗೆ ಒಂದು ಆಸೆ ಇತ್ತು, ಆ ದ್ವೀಪದ ಮನೆ ಎಂದು ಹೇಳಿಬಿಡಲಿ ಎಂದು. ಪೆಗಿ ಕೇಳಿದಳು. ಮೊರಾಗಮ್ಮ ಉತ್ತರಿಸಿದರು. ಹಣ್ಣಿನ ಮರ ಇರುವ ಮನೆಯಂತೆ, ಮಸೀದಿಯ ಎದುರಂತೆ ಎಂದಳು ಪೆಗಿ.

ನಾನು ಫೋನು ಎತ್ತಿಕೊಂಡು ವರಾಂಡದ ತುದಿಗೆ ಹೋದೆ. ಆ ಮನೆ ಈಗ ಇಲ್ಲ, ಅವರ ಒಪ್ಪಿಗೆ ಪಡೆದೇ ಒಡೆದದ್ದು, ನಾನೇ ಸಾಕ್ಷಿ ಎಂದೆ. ಹೇಗೆ ಒಪ್ಪಿದಳು, ಆಕೆಗೆ ಮಾತೇ ಬರುತ್ತಿರಲಿಲ್ಲವಲ್ಲ ಎಂದಳು ಪೆಗಿ. ‘ಹಾ’ ಅಂದರು ಎಂದೆ.

ಮುದುಕಿ ನಿಧಾನವಾಗಿ, ನಾನು ಮಕ್ಕಳಿಗೆ ವಿಭಕ್ತಿ ಹೇಳುವ ಹಾಗೆ, ಬಿಡಿಸಿ ಹೇಳಿದಳು. ತಮ್ಮ ಭಾಷೆಯಲ್ಲಿ ಹೌದು ಎನ್ನಲು ಪ್ರತ್ಯೇಕ ಪದವೇ ಇಲ್ಲ. ‘ಹಾ’ ಎಂದರೆ ‘ಇದೆ’. ಅದನ್ನು ಬರೆಯುವುದು ಟಿ, ಎಚ್, ಎ. ನಾನಿದ್ದೇನೆ, ನನಗೆ ಬೇಕಾಗಿದೆ, ನನಗೆ ಭಯವಾಗಿದೆ, ಏನು ಹೇಳಬೇಕಾದರೂ ಮೊದಲ ಪದ ಅದೇ. ‘ಹಾ ಮಿ’ ಎಂದರೆ ಮಾತು ಶುರುವಾಯಿತು ಎಂದಷ್ಟೇ ಅರ್ಥ. ಉಳಿದದ್ದನ್ನು ನೀವು ಕಾದು ಕೇಳಲಿಲ್ಲವೇ ಎಂದಳು.

ಕಾದಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು, ಅದು ಪೆಗಿಗೆ ಗೊತ್ತಿರಲು ಸಾಧ್ಯವಿರಲಿಲ್ಲ, ನನಗೆ ಗೊತ್ತಿರಬೇಕಾಗಿತ್ತು. ನನ್ನ ಮೊರಾಗಮ್ಮ ಅಷ್ಟು ವರ್ಷದಲ್ಲಿ ಒಂದು ಸಲವೂ ಒಪ್ಪಿಗೆಗೆ ‘ಹಾ’ ಎಂದವರಲ್ಲ. ‘ಊಂ’ ಎನ್ನುತ್ತಿದ್ದರು. ಹಕಾರವೇ ಬಾರದ ಕನ್ನಡ ಅವರದು. ಅದನ್ನು ಕೇಳಿ ನಾಚಿಕೊಂಡವಳು ನಾನು, ಭಾಷೆ ಕಲಿಸಿ ಹೊಟ್ಟೆ ಹೊರೆಯುವವಳು ನಾನು. ನನ್ನ ಕಿವಿಗೇ ಅದು ಬೀಳಲಿಲ್ಲ.

ಈಗ ಆಕೆಗೆ ಏನು ಹೇಳಲಿ ಎಂದು ಪೆಗಿ ಕೇಳಿದಳು. ನಾನು ಸುಳ್ಳು ಹೇಳುವುದಿಲ್ಲ, ಆದರೆ ನೀನು ಹೇಳಿದ್ದನ್ನು ಹೇಳುತ್ತೇನೆ, ಅದು ನಿನ್ನ ಮಾತು ಎಂದೇ ಹೇಳುತ್ತೇನೆ ಎಂದಳು. ಮಳೆ ನಿಂತ ಮೇಲೆ ಹೋಗೋಣ ಎನ್ನುವ ಮಾತು ನನ್ನ ಬಾಯವರೆಗೂ ಬಂದಿತ್ತು. ಹೇಳಿದ್ದರೆ ಅವರು ನಂಬುತ್ತಿದ್ದರು. ಆದರೆ ಆ ಹೆಂಗಸು ನನ್ನ ಕಾಗದದ ಮೇಲೆ ಪೆನ್ಸಿಲ್ ಎಳೆದವರು. ವಾಪಸು ಬಂದು ಅವರೆದುರು ಕೂತು, “ಮನೆ ಒಡೆದಿದ್ದಾರೆ. ನಾನು ಸಹಿ ಹಾಕಿದ್ದೆ. ನಿಮ್ಮ ಮಾತು ನನಗೆ ಅರ್ಥವಾಗಿರಲಿಲ್ಲ,” ಎಂದೆ. ಪೆಗಿ ಅದನ್ನು ಹೇಳಿದಳು. ನನ್ನ ಮೂರು ವಾಕ್ಯ ಆ ಭಾಷೆಯಲ್ಲಿ ಬಹಳ ಚಿಕ್ಕದಾಗಿ ಕೇಳಿಸಿತು.

ಮೊರಾಗಮ್ಮ ನನ್ನನ್ನು ನೋಡಿದರು. ಬೈಯಲಿ ಎಂದು ಕಾದೆ. ಅವರು ಫೋನಿಗೆ ಏನೋ ಕೇಳಿದರು. ಪೆಗಿ ತಕ್ಷಣ ಅರ್ಥ ಹೇಳಲಿಲ್ಲ, ಎರಡು ಸಲ ಒತ್ತಾಯಿಸಬೇಕಾಯಿತು.

“ಹಾಗಾದರೆ ನಾಲ್ಕು ಗಂಟೆಗೆ ಯಾರೂ ಬರುವುದಿಲ್ಲವೇ?” ಎಂದಿದ್ದರು.

ಮರುದಿನ ಮಂಜುನಾಥನನ್ನು ಕಂಡು ಎಲ್ಲ ಹೇಳಿದೆ. ಅವನು ಇಟ್ಟಿಗೆ ರಾಶಿಯ ಮೇಲೆ ಕೂತ. ಅವನ ಹಿಂದೆ ಪಾಯದ ಗುಂಡಿಯಲ್ಲಿ ಮಳೆನೀರು ನಿಂತಿತ್ತು. “ನಂಗೆ ಹೆಂಗ್ ಗೊತ್ತಾಗ್ಬೇಕಿತ್ತು ಮಿಸ್?” ಎಂದ. “ನಾನ್ ಎರಡ್ ಸಲ ಕೇಳ್ದೆ. ನೀವೇ ಪಕ್ಕದಲ್ಲಿದ್ರಿ. ಅವ್ರ ಜೊತೆ ಮಾತಾಡ್ಕೊಂಡಿದ್ದೋರು ನೀವು, ನಾನಲ್ಲ.” ಗುಂಡಿಯ ಕಡೆ ತಿರುಗಿ, “ನಿಲ್ಲಿಸ್ಬಿಡ್ಲಾ ಕೆಲ್ಸ?” ಎಂದು ಕೇಳಿದ. ನಿಲ್ಲಿಸಿದರೆ ಯಾರಿಗೆ ಏನು ಬರುತ್ತಿತ್ತು? ಕೆಲಸ ನಿಲ್ಲಲಿಲ್ಲ. ಅವನು ಆಮೇಲೆ ಪ್ರತಿ ವಾರ ಸೋಲದೇವನಹಳ್ಳಿಗೆ ಬರುತ್ತಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ನಿಂತು, ಹೋಗುತ್ತಿದ್ದ. ಏನನ್ನೂ ಕೇಳುತ್ತಿರಲಿಲ್ಲ. ಕೇಳಲು ಅವನಿಗೆ ಹೆದರಿಕೆಯಾಗಿತ್ತು ಎಂದು ತೋರುತ್ತದೆ.

“ಈಗ ಗಾಡಿ ಕೇಳಕ್ಕಿಲ್ಲ ಕಣ್ ಮೇಡಂ,” ಎಂದರು ಲಕ್ಷ್ಮಮ್ಮ. “ತಳ್ಕೊಂಡೋಗ್ಲಾ ಅಂದ್ರೆ ತಲೆ ಅಲ್ಲಾಡಿಸ್ತಾರೆ.”

ಗುರುವಾರಗಳು ಮಾತ್ರ ಉಳಿದವು. ಸೆಪ್ಟೆಂಬರಿನಿಂದ ಜನವರಿವರೆಗೆ ನಾನು ಒಂದನ್ನೂ ತಪ್ಪಿಸಲಿಲ್ಲ. ಇಬ್ಬರು ಮುದುಕಿಯರು ಅರ್ಧ ಗಂಟೆ, ಮುಕ್ಕಾಲು ಗಂಟೆ ಮಾತಾಡುವರು. ನಾನು ಫೋನು ಹಿಡಿದು ಕೂರುವೆನು. ಮೊರಾಗಮ್ಮ ಕೆಲವು ದಿನ ನಕ್ಕಿದ್ದೂ ಉಂಟು. ಎಂದೋ ಸತ್ತ ದೋಣಿಯವನೊಬ್ಬನ ತಮಾಷೆಯ ಕಥೆಯಂತೆ. ನೋಟುಪುಸ್ತಕದ ಪುಟಗಳ ಫೋಟೋ ತೆಗೆದು ಪೆಗಿಗೆ ಕಳಿಸುತ್ತಿದ್ದೆ, ಅವಳು ಓದುತ್ತಿದ್ದಳು. ನನ್ನ ಕವಿತೆ ಓದಿದ ದಿನ ಮೊರಾಗಮ್ಮ ಕಣ್ಣು ಮುಚ್ಚಿಕೊಂಡು ಕುರ್ಚಿಯ ಕೈಮೇಲೆ ಬೆರಳಿನಿಂದ ಲಯ ಹಾಕಿದರು. ಅದು ನನ್ನ ಕವಿತೆ ಎಂದು ಪೆಗಿ ಮೊದಲೇ ಹೇಳದಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಆ ದಿನ ಶಮೀಮ್ ಆಪಾ ಕೂಡ ಬಂದಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ, “ನಾವು ಅವ್ರ ಮನೇಲಿ ಇಷ್ಟ್ ವರ್ಷ ಟೀ ಕುಡಿದ್ವಿ ಸರೋಜ,” ಎಂದರು.

ಸಂಕ್ರಾಂತಿ ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಎರಡನೇ ಸ್ಟ್ರೋಕ್ ಆಯಿತು. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಹೋಗುವಷ್ಟರಲ್ಲಿ ಲಕ್ಷ್ಮಮ್ಮ ಅವರ ಮುಖ ತೊಳೆದು, ಕೂದಲು ಬಾಚಿ ಆಗಿತ್ತು. ಮಂಜುನಾಥನೇ ಹೆಬ್ಬಾಳದ ತಮ್ಮ ಮನೆತನದ ಜಾಗದಲ್ಲಿ, ಅತ್ತೆಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿಸಿದ.

ಮಂಗಳವಾರ ಮಣ್ಣು, ಬುಧವಾರ ಶ್ರದ್ಧಾಂಜಲಿ ಸಭೆ. ಯಲಹಂಕದ ಒಂದು ಬಾಡಿಗೆ ಸಭಾಂಗಣದಲ್ಲಿ ಕವಿಗಳೆಲ್ಲ ಸೇರಿದರು, ಸೋಲದೇವನಹಳ್ಳಿಗೆ ಒಮ್ಮೆಯೂ ಬಾರದವರೂ ಬಂದರು. ಸಭೆ ನಲವತ್ತು ನಿಮಿಷ ತಡವಾಗಿ ಶುರುವಾಯಿತು. ಫೋಟೋಗೆ ಶಾಲು ಹೊದಿಸಿದರು. ಮುಖ್ಯ ಅತಿಥಿಯೊಬ್ಬರು ಅವರನ್ನು ಮೂರು ಸಲ ಮಾರ್ಗರೇಟ್ ಎಂದು ಕರೆದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಪ್ಪಿರಲಿಲ್ಲ, ನಾವು ಕೇಳಿಸಿಕೊಳ್ಳಲಿಲ್ಲ, ಸಹಿ ನನ್ನದು ಎಂದೆ. ಮುಗಿಸಿದಾಗ ಜನ ಚಪ್ಪಾಳೆ ತಟ್ಟಿದರು. ಒಬ್ಬರು ಬಂದು, ತುಂಬಾ ಚೆನ್ನಾಗಿ ಮಾತಾಡಿದಿರಿ ಎಂದು ಕೈ ಕುಲುಕಿದರು.

ಮಾರನೇ ದಿನ ನಾಲ್ಕೂವರೆಗೆ ನಾನು ಸ್ಟಾಫ್ ರೂಮಿನಲ್ಲಿ ಕೂತು ಕಿರುಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಫೋನು ಬಂತು. ಗುರುವಾರವೆಂಬುದೇ ಮರೆತಿತ್ತು. ತಂಗಿಯ ಮಗಳಿಗೆ ತಿಳಿಸಿದ್ದೆ, ಪೆಗಿಗೆ ಯಾರೂ ತಿಳಿಸಿರಲಿಲ್ಲ. ಎತ್ತಿದೊಡನೆ ಆ ಒಣ ದನಿ ಗೇಲಿಕ್ಕಿನಲ್ಲಿ ಖುಷಿಯಿಂದ ಶುರುಮಾಡಿಬಿಟ್ಟಿತು. ಅವಳನ್ನು ನಿಲ್ಲಿಸಲು ನನಗೆ ಪದ ಸಿಗಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ, ಮೊರಾಗ್ ಇಲ್ಲ, ಸೋಮವಾರ ಹೋದರು ಎಂದೆ.

ಪೆಗಿ ಅಳಲಿಲ್ಲ. ಕೆಟಲು ಕೂಗುವುದು, ಅದನ್ನು ಯಾರೋ ಎತ್ತಿಡುವುದು ಕೇಳಿಸಿತು. ಬಹುಶಃ ಅವಳೇ. ತಮ್ಮ ಹಳ್ಳಿಯಲ್ಲಿ ಈಗಿರುವವರೆಲ್ಲ ಹೊರಗಿನಿಂದ ಬಂದು ಮನೆ ಕೊಂಡವರು ಎಂದಳು. ಒಳ್ಳೆಯ ಜನ, ಔಷಧಿ ತಂದುಕೊಡುತ್ತಾರೆ. ಆದರೆ ಈ ನಾಲ್ಕು ತಿಂಗಳು ತನಗೆ ಗುರುವಾರ ಬಿಟ್ಟರೆ ಬೇರೆ ಯಾವ ದಿನವೂ ತನ್ನ ಭಾಷೆಯಲ್ಲಿ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಇನ್ನು ಗುರುವಾರ ಯಾರ ಹತ್ತಿರ ಮಾತಾಡಲಿ ಎಂದಳು. ದೂರಿನ ದನಿಯಲ್ಲಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳುವ ಹಾಗೆ.

ಫೋನು ಹಿಡಿದು ಕೂತು ಕೂತು ನನಗೆ ಹತ್ತು ಹನ್ನೆರಡು ಪದ ಬಂದಿದ್ದವು. ಪ್ರತಿ ಗುರುವಾರ ಅವರಿಬ್ಬರೂ ಹವೆಯಿಂದಲೇ ಶುರುಮಾಡುತ್ತಿದ್ದರು. ಮೊದಮೊದಲ ತಿಂಗಳುಗಳಲ್ಲಿ ಎರಡು ಕಡೆಯೂ ಹೆಚ್ಚಾಗಿ ಮಳೆಯೇ. ಹಾಗಾಗಿ ನಾನು ತಪ್ಪಿಲ್ಲದೆ ಹೇಳಬಲ್ಲ ವಾಕ್ಯ ಒಂದೇ ಒಂದಿತ್ತು.

“ಹಾ ನ್ ತುಷ್ಕೆ ಔನ್,” ಎಂದೆ. ಮಳೆ ಬರುತ್ತಿದೆ.

ಬರುತ್ತಿರಲಿಲ್ಲ. ಕಿಟಕಿಯಾಚೆ ಮೈದಾನದಲ್ಲಿ ಜನವರಿಯ ಬಿಸಿಲು ಬಿದ್ದಿತ್ತು. ಪೆಗಿ ಮಳೆಗೆ ಏನೋ ಉತ್ತರ ಕೊಟ್ಟಳು, ಅದರ ಹಿಂದೆ ಇನ್ನೊಂದು ಮಾತು, ಇನ್ನೊಂದು. ಒಂದೂ ಅರ್ಥವಾಗದಿದ್ದರೂ ನಾನು ತಿದ್ದುತ್ತಿದ್ದ ಪೇಪರನ್ನು ಪಕ್ಕಕ್ಕಿಟ್ಟು, ಅವಳು ಹೇಳಿ ಮುಗಿಸುವವರೆಗೂ ಕೇಳಿದೆ.